ಕಚ್ಚುವ ತಳಿ

ಆಗಸ್ಟ್ 3, ಭಾನುವಾರ

ಇಂದಿರಾಪುರಂನಲ್ಲಿ ಮಗ ಗುರುರಾಜನ ಮನೆಯಲ್ಲಿ ಇವತ್ತು ತುರ್ತು ಸಭೆ. ಮೊಮ್ಮಕ್ಕಳಿಬ್ಬರನ್ನೂ ಪ್ಲೇ ಸ್ಕೂಲಿನಿಂದ ಹೊರಗೆ ಹಾಕಿದ್ದಾರೆ. ಅಪರಾಧ: ಕಚ್ಚುವುದು.

ಸಿಂಧೂರ, ಧನ್ಯಾ ಅವಳಿಗಳು. ನಾಲ್ಕು ವರ್ಷ. ಎಷ್ಟು ಒಂದೇ ಥರ ಎಂದರೆ, ಗುರುರಾಜ ಒಮ್ಮೆ ಒಬ್ಬಳಿಗೇ ಎರಡು ಸಲ ಜ್ವರದ ಔಷಧಿ ಕುಡಿಸಿ ಇನ್ನೊಬ್ಬಳನ್ನು ಹಾಗೇ ಮಲಗಿಸಿದ್ದ. ಇಬ್ಬರೂ ಸೇರಿ ಗುಲಾಬ್ ಸೆಕ್ಷನ್ನಿನ ಟೀಚರನ್ನು, ಗೇಂದಾ ಸೆಕ್ಷನ್ನಿನ ಟೀಚರನ್ನು, ಒಬ್ಬ ಆಯಾಳನ್ನು ಮತ್ತು ಗುರುತಿನ ಚೀಟಿಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ಫೋಟೋ ತೆಗೆಯಲು ಬಂದಿದ್ದ ಸಭ್ಯ ಮನುಷ್ಯನನ್ನು ಕಚ್ಚಿದ್ದಾರೆ. ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸು ಮೊಣಕೈ ತೋರಿಸಿ ಕೆಲಸ ಬಿಟ್ಟಿದ್ದಾಳೆ. ಗುರುರಾಜನ ಆಫೀಸು ನೋಯ್ಡಾದಲ್ಲಿ, ಸೊಸೆ ಧಾರಿಣಿಯದು ಗುರುಗ್ರಾಮದಲ್ಲಿ. ಮಕ್ಕಳನ್ನು ಇಟ್ಟುಕೊಳ್ಳುವವರು ಯಾರು?

ಬೀಗಿತ್ತಿ ಲೀಲಮ್ಮನವರು ಫರೀದಾಬಾದಿನಿಂದ ಬಂದಿದ್ದರು. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಈಗಲೂ ಯಾರಾದರೂ ಮಾತಾಡಲು ಬಾಯಿ ತೆಗೆದರೆ ಕೈ ಎತ್ತಿ ಅನುಮತಿ ಕೇಳಲಿ ಎಂಬಂತೆ ನೋಡುತ್ತಾರೆ.

"ಮಕ್ಕಳು ಹುಟ್ಟುವಾಗ ಬಾಯಲ್ಲಿ ಹಲ್ಲೇ ಇರೋಲ್ಲ ಬೀಗರೇ. ಕಚ್ಚೋದನ್ನ ಇಲ್ಲಿ ಬಂದ ಮೇಲೆ ಕಲಿತಿದ್ದಾರೆ. ಬೆಳೆಸಿದ ರೀತಿ ಸರಿ ಇಲ್ಲ."

"ಹಲ್ಲು ಬರೋದನ್ನ ಯಾರು ಕಲಿಸಿದರು?" ಎಂದೆ.

ಮೂವತ್ತೈದು ವರ್ಷ ಕೇಂದ್ರ ಸರ್ಕಾರದ ಪಶುಸಂಗೋಪನೆಯಲ್ಲಿ ಹೋರಿ, ಎಮ್ಮೆಗಳ ತಳಿ ನೋಡಿದವನು ನಾನು. ಹಾಯುವ ಹಸುವಿನ ಕರು ಹಾಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು. ಈ ಕಚ್ಚುವ ರಕ್ತ ನಮ್ಮ ಕಡೆಯದಲ್ಲ ಎಂಬುದೂ ನನಗೆ ಗೊತ್ತು. ಲೀಲಮ್ಮನವರ ತಮ್ಮ ವಕೀಲರು.

ಕೊನೆಗೆ ನನ್ನದೇ ಸಲಹೆ ಅಂಗೀಕಾರವಾಯಿತು. ಸಿಂಧೂರ ನನ್ನ ಕರೋಲ್ ಬಾಗ್ ಮನೆಗೆ, ಧನ್ಯಾ ಲೀಲಮ್ಮನವರ ಮನೆಗೆ. ದಸರಾ ರಜೆ ಮುಗಿಯುವವರೆಗೆ ಇಬ್ಬರೂ ಪರಸ್ಪರ ಭೇಟಿಯಾಗಕೂಡದು, ಫೋನಿನಲ್ಲೂ ನೋಡಕೂಡದು. ಒಂದೇ ತಳಿ, ಬೇರೆ ಬೇರೆ ಕೊಟ್ಟಿಗೆ. ಆಗ ಯಾವುದು ರಕ್ತದ್ದು, ಯಾವುದು ಮನೆಯದು ಎಂದು ತಾನಾಗಿ ತಿಳಿಯುತ್ತದೆ.

"ಮಾವ, ಇವರು ಮಕ್ಕಳು. ಎಮ್ಮೆಗಳಲ್ಲ," ಎಂದಳು ಧಾರಿಣಿ.

"ಎಮ್ಮೆಗಳಿಗೂ ಇದೇ ಮಾಡಿದ್ದೆವಮ್ಮ, ಏನೂ ಆಗಲಿಲ್ಲ," ಎಂದು ಸಮಾಧಾನ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಆಗಸ್ಟ್ 4

ಬೆಳಿಗ್ಗೆ ಮಕ್ಕಳನ್ನು ಎರಡು ಟ್ಯಾಕ್ಸಿಗಳಿಗೆ ಹತ್ತಿಸುವಾಗ ಗುರುರಾಜನಿಗೂ ಧಾರಿಣಿಗೂ ಕಡಿತ ಬಿತ್ತು. ಯಾವ ಪ್ರಚೋದನೆಯೂ ಇರಲಿಲ್ಲ. ಸ್ವಭಾವ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಲೀಲಮ್ಮನವರದು ತಿದ್ದುವ ಪಕ್ಷ, ನನ್ನದು ಬಿಡುವ ಪಕ್ಷ. ನಾನು ಮಗುವಿಗೆ ಏನನ್ನೂ ಕಲಿಸಕೂಡದು, ಬೈಯಕೂಡದು, ಮುದ್ದಿಸಕೂಡದು. ಅನ್ನ, ನೀರು, ಹಾಸಿಗೆ ಕೊಟ್ಟು ಮನೆಯ ಸಾಮಾನಿನಂತೆ ಒಂದು ಮೂಲೆಯಲ್ಲಿ ಇದ್ದುಬಿಡಬೇಕು. ಅವಳು ಕಚ್ಚುತ್ತಲೇ ಇದ್ದು, ಅಲ್ಲಿ ಅಷ್ಟೆಲ್ಲ ತಿದ್ದಿಸಿಕೊಂಡ ಧನ್ಯಾಳೂ ಕಚ್ಚಿದರೆ ರಕ್ತ ಗೆದ್ದಂತೆ.

ಆಗಸ್ಟ್ 9

ವಿಧಾನ ಚೆನ್ನಾಗಿ ನಡೆಯುತ್ತಿದೆ. ಮಗು ನನ್ನನ್ನು ಸಾಮಾನೆಂದೇ ತಿಳಿದಿದೆ.

ಇವತ್ತು ನನ್ನ ಹೆಗಲ ಮೇಲೆ ಒದ್ದೆ ಟವೆಲ್ ಒಣಹಾಕಿದಳು. ತೊಡೆಯ ಮೇಲೆ ನಿಂತು ಕಿಟಕಿಯಿಂದ ರಿಕ್ಷಾಗಳನ್ನು ನೋಡಿದಳು. ಏಳಲು ಹೋದರೆ, "ತಾತ, ಹಿಲೋ ಮತ್! ನೀನು ಸೋಫಾ," ಎಂದಳು. ಅಲ್ಲಾಡಲಿಲ್ಲ. ಎರಡೂ ಕಾಲು ಜೋಮು ಹಿಡಿದವು. ವೀಕ್ಷಕ ಪ್ರಯೋಗದಲ್ಲಿ ಮಧ್ಯೆ ಬರಬಾರದು.

ಸಂಜೆ ಹಾಲಿನ ಬೂತಿಗೆ ಹೋಗುವಾಗ ಕೆಳಗಿನ ಬ್ಯಾಗಿನ ಅಂಗಡಿಯ ಕಿಶನ್ ಕೈ ಮುಗಿದು, "ಸಾಬ್, ಸರ್ ಪೇ ತಿತ್ಲೀ ಬೈಠೀ ಹೈ," ಎಂದ. ತಡವಿಕೊಂಡರೆ ಬೋಳುತಲೆಯ ತುಂಬ ಚಿಟ್ಟೆ, ಮೀನು, ಐಸ್‌ಕ್ರೀಮಿನ ಸ್ಟಿಕ್ಕರುಗಳು. ಬೆಳಿಗ್ಗೆ ಬ್ಯಾಂಕಿಗೂ ಹೀಗೇ ಹೋಗಿದ್ದೆ. ಮ್ಯಾನೇಜರು ಯಾಕೆ ಅಷ್ಟು ಮರ್ಯಾದೆಯಿಂದ ಮಾತಾಡಿಸಿದರು ಎಂದು ಈಗ ತಿಳಿಯಿತು.

ತೆಗೆಯಲು ಹೋದೆ. ಅಂಟು ಗಟ್ಟಿಯಾಗಿದೆ. ಬಿಟ್ಟೆ.

ಆಗಸ್ಟ್ 17

ಇನ್ನೂ ಕಚ್ಚಿಲ್ಲ. ಆತಂಕವಾಗುತ್ತಿದೆ.

ಅವಕಾಶದ ಕೊರತೆ ಇರಬಹುದೆಂದು ಇವತ್ತು ತೋಳು ಮಡಿಸಿ ಅವಳ ಬಾಯಿಯ ಮುಂದೆ ಹಿಡಿದೆ. ಸ್ವಲ್ಪ ಹೊತ್ತು ನೋಡಿ, ಪೆನ್ನು ತಂದು ನನ್ನ ಮಣಿಕಟ್ಟಿನ ಮೇಲೆ ಗಡಿಯಾರ ಬರೆದಳು. "ಟೈಂ ಎಷ್ಟು ತಾತ?" ಎಂದು ಕೇಳುತ್ತಾಳೆ. ನೋಡಿ ಹೇಳಬೇಕು.

ಫರೀದಾಬಾದಿಗೆ ಫೋನ್ ಮಾಡಿದೆ. ಧನ್ಯಾಳೂ ಕಚ್ಚಿಲ್ಲವಂತೆ. ಕಚ್ಚಿದ್ದಕ್ಕೆ ಹಲ್ಲೆಲ್ಲ ಉದುರಿಹೋದ ಮೊಲದ ಕಥೆ ಕಟ್ಟಿ ಲೀಲಮ್ಮನವರು ದಿನಾ ಹೇಳುತ್ತಾರಂತೆ.

"ನೋಡಿದ್ರಾ ಬೀಗರೇ, ಎರಡೇ ವಾರ. ಸಂಸ್ಕಾರ ಅಂದ್ರೆ ಇದು."

"ಇಲ್ಲಿ ಇವಳಿಗೆ ಯಾವ ಸಂಸ್ಕಾರವನ್ನೂ ಕೊಟ್ಟಿಲ್ಲ. ಇವಳೂ ಕಚ್ಚಿಲ್ಲ," ಎಂದೆ.

"ಹಾಗಾದ್ರೆ ಕಚ್ಚದ ರಕ್ತ ನಮ್ಮ ಕಡೇದು," ಎಂದು ಫೋನ್ ಇಟ್ಟರು. ಅವರದು ಬೆಳೆಸುವ ಪಕ್ಷವೋ ರಕ್ತದ ಪಕ್ಷವೋ, ಮೊದಲು ನಿರ್ಧರಿಸಿಕೊಳ್ಳಲಿ.

ಸೆಪ್ಟೆಂಬರ್ 5

ಮಹತ್ವದ ಸಾಕ್ಷಿ ದೊರೆತಿದೆ.

ಸಿಂಧೂರ ಯಾವ ಬಿಸ್ಕತ್ತನ್ನೂ ಪೂರ್ತಿ ತಿನ್ನುವುದಿಲ್ಲ. ಮುರಿದು ಅರ್ಧ ತಿಂದು, ಉಳಿದರ್ಧವನ್ನು ಫ್ರಾಕಿನ ಜೇಬಿಗೆ ಹಾಕುತ್ತಾಳೆ. ಮನೆಯ ತುಂಬ ಇರುವೆ. ಇವತ್ತು ಲೀಲಮ್ಮನವರು ತಾವಾಗಿ ಫೋನ್ ಮಾಡಿ ಇರುವೆಗೆ ಏನು ಔಷಧಿ ಹಾಕುತ್ತೀರಿ ಎಂದು ಕೇಳಿದರು. ಧನ್ಯಾಳೂ ಅರ್ಧವೇ ತಿನ್ನುವುದಂತೆ! ಒಬ್ಬರನ್ನೊಬ್ಬರು ನೋಡಿಲ್ಲ, ಮಾತಾಡಿಲ್ಲ, ಆದರೂ ಅರ್ಧ ಬಿಸ್ಕತ್ತು! ಇದನ್ನು ಯಾವ ಮೇಷ್ಟ್ರು ಕಲಿಸಿದರು? ಅರ್ಧ ತಿನ್ನುವುದು ರಕ್ತದಲ್ಲೇ ಇದೆ.

ಲೀಲಮ್ಮನವರು ಒಪ್ಪುವುದಿಲ್ಲ. ಅದು ತಾವು ಕಲಿಸಿದ ಮಿತಾಹಾರವಂತೆ.

ಸಂತೋಷಕ್ಕೆ ಕರೋಲ್ ಬಾಗ್ ಮಾರ್ಕೆಟ್ಟಿಗೆ ಹೋಗಿ ಎರಡು ಜೇಬಿನ ಫ್ರಾಕು ತಂದೆ. ಪ್ರಯೋಗಕ್ಕೆ ಉಪಯುಕ್ತ.

ಸೆಪ್ಟೆಂಬರ್ 11

ಗೋದ್ರೆಜ್ ಬೀರುವಿನ ಕನ್ನಡಿಗೆ ಮೊಸರನ್ನ ಮೆತ್ತಿದ್ದಾಳೆ. ಬಾಯಿ ಇರುವ ಎತ್ತರಕ್ಕೆ ಸರಿಯಾಗಿ.

"ಏನಿದು?" ಎಂದೆ. ಕೇಳಬಾರದಿತ್ತು. ಸಾಮಾನು ಪ್ರಶ್ನೆ ಕೇಳುವುದಿಲ್ಲ.

"ಧನ್ಯಾ ಖಾತೀ ನಹೀಂ," ಎಂದಳು. ಕನ್ನಡಿಯೊಳಗಿನ ಧನ್ಯಾ ತಿನ್ನುವುದೇ ಇಲ್ಲವಂತೆ.

ಒರೆಸಿದೆ. ಕಲೆ ಉಳಿಯಿತು.

ಸೆಪ್ಟೆಂಬರ್ 21, ಭಾನುವಾರ

ಪಿಂಚಣಿದಾರರ ಸಂಘದ ಸಭೆ ತಪ್ಪಿತು. ಸಿಂಧೂರ ನನ್ನ ಕಾಲ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಿದರೆ ಮಧ್ಯೆ ಬಂದಂತಾಗುತ್ತದೆ.

ಅವಳಿಗೆ ನೆಗಡಿ. ರಾತ್ರಿಯಿಂದ ನನಗೂ. ಕನ್ನಡಿಗೂ ನೆಗಡಿಯಂತೆ. ಆದ್ದರಿಂದ ಮೊಸರು ಬೇಡ, ಬಿಸಿ ಸಾರನ್ನ ಸಾಕು ಎಂದು ಮೂವರಿಗೂ ಅದನ್ನೇ ಬಡಿಸಿದೆ. ಕನ್ನಡಿಯ ಮುಂದೆ ಸಣ್ಣ ತಟ್ಟೆ ಇಟ್ಟರೆ ಗಾಜು ಹಾಳಾಗುವುದಿಲ್ಲ ಎಂದು ಕಂಡುಕೊಂಡಿದ್ದೇನೆ. ಇದು ಬರೀ ಶುಚಿತ್ವದ ಪ್ರಶ್ನೆ.

ಮಧ್ಯಾಹ್ನ ಗುರುರಾಜ ನೋಡಲು ಬಂದ. ನಾನು ಮಂಚದ ಕೆಳಗಿದ್ದೆ. ಅವಳು ಹುಲಿ, ನಾನು ಹುಲಿಗೆ ಹೆದರಿದ ಇನ್ನೊಂದು ಹುಲಿ. ಅವನು ಬಗ್ಗಿ ನೋಡಿದ.

"ಅಪ್ಪ, ನಾನು ಯಾವ ಕ್ಲಾಸಲ್ಲಿದ್ದೀನಿ ಅಂತಾನೂ ನಿಮಗೆ ಗೊತ್ತಿರಲಿಲ್ಲ, ನೆನಪಿದೆಯಾ? ಊರಿಂದ ಬಂದ ನೆಂಟರು ಕೇಳಿದರೆ ಅಮ್ಮನ ಮುಖ ನೋಡ್ತಿದ್ರಿ."

ಆಗ ನನಗೆ ವರ್ಷದ ಬಹುಭಾಗ ಟೂರ್ ಇರುತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಂಚದ ಕೆಳಗಿನಿಂದಲೇ ಹಾಗೆಂದೆ.

ಸೆಪ್ಟೆಂಬರ್ 30

ಬಿಸ್ಕತ್ತು ತರಬೇಕು. ಸ್ಟಿಕ್ಕರು ಮುಗಿದಿವೆ, ಅವೂ.

ಅಕ್ಟೋಬರ್ 6, ಸೋಮವಾರ

ಮಕ್ಕಳು ಈಗ ಕಚ್ಚುವುದಿಲ್ಲ ಎಂದು ಧಾರಿಣಿ ಬೇಡಿಕೊಂಡದ್ದಕ್ಕೆ ಶಾಲೆಯವರು ಒಂದು ದಿನ ಪರೀಕ್ಷಾರ್ಥ ಕಳಿಸಿ ಎಂದಿದ್ದರು. ಬೆಳಿಗ್ಗೆ ನಾನು ಇವಳನ್ನು, ಲೀಲಮ್ಮನವರು ಅವಳನ್ನು ಶಾಲೆಯ ಗೇಟಿಗೆ ಕರೆತಂದೆವು.

ಎರಡು ತಿಂಗಳ ಮೇಲೆ ನೋಡುತ್ತಿದ್ದಾರೆ, ಓಡಿಬಂದು ಅಪ್ಪಿಕೊಳ್ಳಬಹುದು ಎಂದುಕೊಂಡಿದ್ದೆ. ಇಲ್ಲ. ಎದುರುಬದುರು ನಿಂತು ಗಂಭೀರವಾಗಿ ನೋಡಿಕೊಂಡರು. ಸಿಂಧೂರ ಒಂದು ಕೈ ಎತ್ತಿದಳು. ಎದುರಿನವಳು ಎತ್ತಲಿಲ್ಲ. ಸಿಂಧೂರ ನನ್ನ ಕಡೆ ತಿರುಗಿ, "ತಾತ, ಯೇ ಅಸಲೀ ವಾಲೀ ಹೈ," ಎಂದಳು. ನಿಜವಾದವಳು. ಆಮೇಲೆ ಇಬ್ಬರೂ ಜೇಬಿಗೆ ಕೈ ಹಾಕಿ ಚೂರಾದ ಬಿಸ್ಕತ್ತು ತೆಗೆದು ಒಬ್ಬಳ ಬಾಯಿಗೆ ಒಬ್ಬಳು ತುರುಕಿದರು. ಧಾರಿಣಿ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ನನ್ನ ಕಣ್ಣಿಗೂ ದೂಳು. ದೆಹಲಿಯ ಗಾಳಿ ಈ ತಿಂಗಳಿಂದ ಕೆಡುತ್ತದೆ.

ಆಯಾ ಬಂದು ಒಬ್ಬಳನ್ನು ಗುಲಾಬ್ ಕಡೆ, ಒಬ್ಬಳನ್ನು ಗೇಂದಾ ಕಡೆ ಕರೆದೊಯ್ದಳು. ನಾವು ಗೇಟಿನ ಹೊರಗೆ ಚಹಾ ಕುಡಿದು ಮುಗಿಸಿರಲಿಲ್ಲ, ಒಳಗಿನಿಂದ ಕಿರುಚಾಟ. ಎರಡೂ ಕಡೆಯಿಂದ.

ಎಂದರೆ ನಾನು ಗೆದ್ದೆ. ಅಷ್ಟು ತಿದ್ದಿದ ಮಗುವೂ ಕಚ್ಚಿತು. ಯಾಕೋ ಗೆದ್ದ ಉತ್ಸಾಹ ಬರಲಿಲ್ಲ.

ಲೀಲಮ್ಮನವರು ರಸ್ತೆಯಲ್ಲೇ ಜಗಳಕ್ಕೆ ನಿಂತರು. "ನಿಮ್ಮವಳನ್ನ ನೋಡಿ ನನ್ನವಳು ಕೆಟ್ಟಳು. ಕಾಡುಮೃಗದ ಥರ ಬೆಳೆಸಿದ್ದೀರಿ. ನನ್ನ ಕೈಗೆ ಕೊಟ್ಟಿದ್ರೆ ಇವಳೂ ಸರಿಹೋಗ್ತಿದ್ದಳು!"

"ಹಾಗಾದರೆ ಅದಲು ಬದಲು ಮಾಡೋಣ," ಎಂದೆ. "ಸಿಂಧೂರ ನಿಮ್ಮ ಮನೆಗೆ, ಧನ್ಯಾ ನನ್ನ ಮನೆಗೆ. ತಳಿ ಪರೀಕ್ಷೆಯಲ್ಲಿ ಎರಡನೆಯ ಹಂತ ಅದೇ."

ಅವರೂ ಜಿದ್ದಿಗೆ ಹೂಂ ಎಂದರು. ಗುರುರಾಜ, ಧಾರಿಣಿಗೆ ವಾದಿಸುವ ಶಕ್ತಿ ಉಳಿದಿರಲಿಲ್ಲ. ಬರುವ ಭಾನುವಾರ ಬದಲಾವಣೆ.

ಅಕ್ಟೋಬರ್ 8

ಎರಡೂ ಮಕ್ಕಳು ಒಂದೇ ಥರ ಇರುವುದರಿಂದ ನನಗೆ ವ್ಯತ್ಯಾಸವೇ ಆಗಕೂಡದು. ವೈಜ್ಞಾನಿಕವಾಗಿ ನೋಡಿದರೆ ಅದೇ ಮಗು ಹೋಗಿ ಅದೇ ಮಗು ಬರುತ್ತದೆ.

ಅಕ್ಟೋಬರ್ 10

ಸಿಂಧೂರಳ ಎಡ ಹುಬ್ಬಿನೊಳಗೆ ಒಂದು ಸಣ್ಣ ಮಚ್ಚೆ ಇದೆ. ಧನ್ಯಾಳಿಗೆ ಇಲ್ಲವಂತೆ. ಧಾರಿಣಿಯನ್ನು ಕೇಳಿ ಖಚಿತಪಡಿಸಿಕೊಂಡೆ. ನಿದ್ದೆಯಲ್ಲಿ ಇವಳು ಮೂಗಿನಿಂದ ಸಣ್ಣಗೆ ಸೀಟಿ ಹೊಡೆಯುತ್ತಾಳೆ. ಅವಳೂ ಹೊಡೆಯುತ್ತಾಳೋ ಇಲ್ಲವೋ. ಹೊಡೆದರೂ ಇದೇ ಸ್ವರವಿರುತ್ತದೆಯೇ?

ಅಕ್ಟೋಬರ್ 12, ಭಾನುವಾರ

ನಡೆದದ್ದನ್ನು ನಡೆದಂತೆ ಬರೆಯಬೇಕು.

ಗುರುರಾಜ ಹನ್ನೊಂದು ಗಂಟೆಗೆ ಬಂದ. ಬ್ಯಾಗು ಸಿದ್ಧವಿತ್ತು. "ಸಿಂಧು, ಚಲೋ, ಅಜ್ಜಿ ಮನೆ," ಎಂದ. ಅವಳು ನನ್ನ ಪಂಚೆಯ ಹಿಂದೆ ನಿಂತಳು. ಬೀಳ್ಕೊಡಲು ನಾನು ಅವಳನ್ನು ಎತ್ತಿಕೊಂಡೆ. ಅಷ್ಟೇ. ಮೆಟ್ಟಿಲವರೆಗೆ ಬಂದೆವು. ಗುರುರಾಜ ಅವಳ ಸೊಂಟಕ್ಕೆ ಕೈ ಹಾಕಿ, "ಕೊಡಿ ಅಪ್ಪ," ಎಂದ. "ಕೊಡ್ತೀನಿ," ಎಂದೆ. ಕೊಡುತ್ತಲೇ ಇದ್ದೆ. ಅವನು ಎಳೆದ. "ಅಪ್ಪ, ಬಿಡಿ," ಎಂದ. "ಬಿಟ್ಟಿದ್ದೀನಲ್ಲ," ಎಂದೆ.

ಇದಾದ ಮೇಲೆ ಗುರುರಾಜನ ಮುಂಗೈ ನನ್ನ ಬಾಯಲ್ಲಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ಹೇಳಲಾರೆ.

ಕಿಶನ್ ಅಂಗಡಿ ಬಿಟ್ಟು, ನಿಮ್ಮ ಮಗನಲ್ಲವೇ, ಬಿಡಿ ಎನ್ನುತ್ತ ಮೇಲೆ ಓಡಿಬಂದ. "ಸಾಬ್! ಸಾಬ್, ಛೋಡಿಯೇ! ಬೇಟಾ ಹೈ ಆಪ್ ಕಾ!" ನನ್ನ ಮುಂದಿನ ಹಲ್ಲುಗಳು ಇನ್ನೂ ಸ್ವಂತದವು. ರಕ್ತ ಬಂದಿತ್ತು. ಸಿಂಧೂರ ಮಾತ್ರ ಗಾಬರಿಯಾಗಲಿಲ್ಲ. ನನ್ನ ತಲೆ ಸವರಿ, "ಅಚ್ಛಾ ತಾತ, ಬಸ್," ಎಂದಳು.

ಪಕ್ಕದ ಗಲ್ಲಿಯ ಕ್ಲಿನಿಕ್ಕಿಗೆ ಹೋದೆವು. ಇಂಜೆಕ್ಷನ್ ತುಂಬುತ್ತಿದ್ದ ಕಾಂಪೌಂಡರ್ ತಲೆ ಎತ್ತದೆ, ಕಚ್ಚಿದ್ದು ನಾಯಿಯೋ ಕೋತಿಯೋ ಎಂದು ಕೇಳಿದ: "ಕುತ್ತಾ? ಬಂದರ್?"

"ಪಿತಾಜಿ," ಎಂದ ಗುರುರಾಜ.

ಕಾಂಪೌಂಡರ್ ಈಗ ತಲೆ ಎತ್ತಿದ. ನನ್ನನ್ನು, ನನ್ನ ತಲೆಯ ಮೇಲಿದ್ದ ಮೀನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಬೆಂಚಿನ ಮೇಲೆ ಕೂತಿದ್ದಾಗ ಗುರುರಾಜ ನಗುತ್ತಿದ್ದಾನೆ ಎಂದುಕೊಂಡೆ. ನಗುತ್ತಿರಲಿಲ್ಲ. "ಅಪ್ಪ, ಹನ್ನೊಂದನೇ ವಯಸ್ಸಿಗೆ ನನ್ನನ್ನ ಹಾಸ್ಟೆಲಿಗೆ ಬಿಟ್ಟಾಗ ಶೇಕ್ ಹ್ಯಾಂಡ್ ಕೊಟ್ಟು ಹೋದ್ರಿ. ವಾರ್ಡನ್ನಿನ ಕೈ ಕಚ್ಚಲಿಲ್ಲ."

ಆವತ್ತು ಮಧ್ಯಾಹ್ನದ ರೈಲಿಗೆ ಕೆಲಸದ ಮೇಲೆ ಕರ್ನಾಲಿಗೆ ಹೋಗುವುದಿತ್ತು ಎಂದೆ. ಸಿಂಧೂರ ನಮ್ಮಿಬ್ಬರ ನಡುವೆ ಕೂತು ಬ್ಯಾಂಡೇಜಿನ ಮೇಲೆ ಗಡಿಯಾರ ಬರೆದಳು.

ಅಷ್ಟರಲ್ಲಿ ಧಾರಿಣಿಯ ಫೋನು. ಧನ್ಯಾಳನ್ನು ಕರೆತರಲು ಫರೀದಾಬಾದಿಗೆ ಹೋಗಿದ್ದಾಳೆ. ಬೆಳಿಗ್ಗೆಯಿಂದ ಅಮ್ಮ ಬಾಗಿಲನ್ನೇ ತೆರೆಯುತ್ತಿಲ್ಲವಂತೆ. ಒಳಗಿನಿಂದ, "ಮನೇಲಿ ಯಾರೂ ಇಲ್ಲ," ಎನ್ನುತ್ತಿದ್ದಾರಂತೆ.

ಬದಲಾವಣೆಯನ್ನು ಮುಂದೂಡಲಾಗಿದೆ.

ಅಕ್ಟೋಬರ್ 15, ಬುಧವಾರ

ಶಾಲೆಯಲ್ಲಿ ಅಂತಿಮ ಸಭೆ. ಪ್ರಿನ್ಸಿಪಾಲರು, ಮಕ್ಕಳ ಸಲಹೆಗಾರ್ತಿ ಸರಳಾ ಮೇಡಂ, ಕೈಗೆ ಪಟ್ಟಿ ಕಟ್ಟಿಕೊಂಡ ಆಯಾ, ಮತ್ತು ನಾವೆಲ್ಲ. ಕೂರಲು ಇದ್ದದ್ದು ಮಕ್ಕಳ ಕುರ್ಚಿಗಳು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು.

ಸರಳಾ ಮೇಡಂ ಗುರುರಾಜನ ಬ್ಯಾಂಡೇಜು ನೋಡಿ ಹಿಂದಿಯಲ್ಲಿ ಕೇಳಿದರು: "ಮತ್ತೆ ಮಕ್ಕಳು?"

ಗುರುರಾಜ ಆ ಕೈಯನ್ನು ತೊಡೆಯ ಕೆಳಗೆ ಸೇರಿಸಿದ. ಕೊನೆಗೆ ಧಾರಿಣಿ, "ಅಲ್ಲ, ಮೇಡಂ. ನಮ್ಮ ಮಾವ," ಎಂದಳು.

ಅನುಭವಸ್ಥ ಹೆಂಗಸು. ಮುಖದ ಗೆರೆಯೂ ಬದಲಾಗಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, ನಗುವ, ಅಳುವ, ಸಿಡುಕುವ ಮುಖಗಳ ಬಣ್ಣದ ಹಾಳೆಯೊಂದನ್ನು ಮುಂದಿಟ್ಟು, "ಅಂಕಲ್, ಕಚ್ಚಿದಾಗ ನಿಮಗೆ ಹೇಗನ್ನಿಸ್ತು? ಬೆರಳಿಟ್ಟು ತೋರಿಸಿ," ಎಂದರು. ತಳಿ ಸುಧಾರಣೆಯ ಬಗ್ಗೆ ವಿದೇಶಿ ನಿಯೋಗಗಳ ಮುಂದೆ ಮಾತಾಡಿದವನು ನಾನು. ಹಾಳೆ ನೋಡಿದೆ. ಸರಿಹೊಂದುವ ಮುಖ ಅದರಲ್ಲಿರಲಿಲ್ಲ.

"ಕೋಪ ಬಂದಿತ್ತಾ?"

"ಇಲ್ಲ."

"ಮತ್ತೆ ಯಾಕೆ ಕಚ್ಚಿದಿರಿ?"

"ಎರಡು ಕೈಯಲ್ಲೂ ಮಗು ಇತ್ತು," ಎಂದೆ. "ಬಾಯಿ ಒಂದೇ ಖಾಲಿ ಇತ್ತು."

ಲೀಲಮ್ಮನವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಆಯಾಳ ಕಡೆ ತಿರುಗಿದರು.

"ನಿನ್ನನ್ನ ಕಚ್ಚಿದಾಗ ಈ ಮಕ್ಕಳ ಕೈ ಎಲ್ಲಿತ್ತು?"

ಆಯಾ ಯೋಚಿಸಿದಳು. "ಒಬ್ಬಳು ಇನ್ನೊಬ್ಬಳ ಫ್ರಾಕು ಹಿಡ್ಕೊಂಡಿದ್ದಳು, ಮಾಂಜಿ. ಬಿಡಿಸಿ ಬೇರೆ ಕ್ಲಾಸಿಗೆ ಕರ್ಕೊಂಡು ಹೋಗ್ಬೇಕಲ್ಲ."

"ಎರಡೂ ಕೈಯಲ್ಲಿ?"

"ಎರಡೂ ಕೈಯಲ್ಲಿ."

ಫೋಟೋದವನು, ಮನೆಯಲ್ಲಿ ಸ್ನಾನಕ್ಕೆ ಒಬ್ಬೊಬ್ಬರನ್ನೇ ಒಯ್ಯುತ್ತಿದ್ದ, ಕೆಲಸ ಬಿಟ್ಟುಹೋದ ಹೆಂಗಸು, ಟ್ಯಾಕ್ಸಿಯ ಬಾಗಿಲಲ್ಲಿ ಗುರುರಾಜ ಮತ್ತು ಧಾರಿಣಿ. ಎಲ್ಲರೂ ಒಬ್ಬಳಿಂದ ಒಬ್ಬಳನ್ನು ಬಿಡಿಸಲು ಹೋದವರೇ.

ಪ್ರಿನ್ಸಿಪಾಲರು ಗಂಟಲು ಸರಿಪಡಿಸಿಕೊಂಡರು. ಅವಳಿಗಳನ್ನು ಬೇರೆ ಸೆಕ್ಷನ್ನಿನಲ್ಲಿ ಇಡುವುದು ಶಾಲೆಯ ನಿಯಮ, ಪ್ರತಿ ಮಗುವಿಗೂ ಅದರದೇ ವ್ಯಕ್ತಿತ್ವ ಬೆಳೆಯಬೇಕು ಎಂದರು. ಲೀಲಮ್ಮನವರು ಆ ಪುಟ್ಟ ಕುರ್ಚಿಯಿಂದ ಎದ್ದುನಿಂತರು.

"ನಾನೂ ಹೆಡ್‌ಮಿಸ್ಟ್ರೆಸ್ ಆಗಿದ್ದವಳು, ಮೇಡಂ. ನಿಯಮ ಬರೆಯೋದೂ ನಾವೇ, ಅಳಿಸೋದೂ ನಾವೇ. ರಬ್ಬರ್ ಇಲ್ದಿದ್ರೆ ಹೇಳಿ, ನಾನು ತಂದುಕೊಡ್ತೀನಿ."

ನಾಳೆಯಿಂದ ಇಬ್ಬರೂ ಗೇಂದಾ ಸೆಕ್ಷನ್. ಇವತ್ತೇ ಇಂದಿರಾಪುರಂಗೆ ಹೋದರು. ಸಿಂಧೂರಳ ಕೈ ಧನ್ಯಾಳ ಕೈಯಲ್ಲಿತ್ತು. ಇನ್ನೊಂದು ಕೈ ಬೀಸಿದಳು. ನಾನೂ ಬೀಸಿದೆ. ಯಾರನ್ನೂ ಕಚ್ಚಲಿಲ್ಲ.

ಮೆಟ್ರೋದವರೆಗೆ ಲೀಲಮ್ಮನವರ ಜೊತೆ ನಡೆದೆ.

"ಬೀಗರೇ, ಗೆದ್ದವರು ಯಾರು?" ಎಂದು ಅವರೇ ಕೇಳಿದರು.

ಯೋಚಿಸಿದೆ. ಪ್ರಶ್ನೆಯೇ ಸರಿಯಾಗಿ ನೆನಪಾಗಲಿಲ್ಲ. "ನಿಮ್ಮಲ್ಲಿ ಇರುವೆ ಕಡಿಮೆಯಾದವೇ?" ಎಂದೆ.

ಅಕ್ಟೋಬರ್ 20

ದೀಪಾವಳಿ. ಇಂದಿರಾಪುರಂಗೆ ಹೋಗಿಬಂದೆ. ಮಕ್ಕಳು ಶಾಲೆಯಲ್ಲಿ ಯಾರನ್ನೂ ಕಚ್ಚಿಲ್ಲ. ಧಾರಿಣಿ ತಾನಾಗಿ ಬಂದು ಎಲೆಗೆ ಎರಡನೇ ಹೋಳಿಗೆ ಹಾಕಿದಳು. "ಮಾವ, ವಾರಕ್ಕೆ ಎರಡು ದಿನ ಶಾಲೆಯಿಂದ ಕರ್ಕೊಂಡು ಬರೋದು ನಿಮ್ಮ ಜವಾಬ್ದಾರಿ. ಎರಡು ದಿನ ಅಮ್ಮಂದು," ಎಂದಳು. ಒಪ್ಪಿದೆ. ಐದನೆಯ ದಿನ ಯಾರು ಎಂದು ಲೀಲಮ್ಮನವರಿಗೂ ನನಗೂ ವಾದವಾಯಿತು. ಇಬ್ಬರೂ ಹೋಗುವುದೆಂದು ತೀರ್ಮಾನ.

ಅಕ್ಟೋಬರ್ 31

ಸಮಯವಿಲ್ಲ. ಹುಲಿಗೆ ಬಾಲ ಹೊಲಿಯುತ್ತಿದ್ದೇನೆ. ಎರಡು ಬಾಲ.

ನವೆಂಬರ್ 9, ಭಾನುವಾರ

ಮಧ್ಯಾಹ್ನ ಗುರುರಾಜ ಒಬ್ಬನೇ ಬಂದ. ಯಾಕೆ ಎಂದು ಕೇಳಿದೆ. "ಸುಮ್ನೆ," ಎಂದ. ಅವನು ಸುಮ್ಮನೆ ಈ ಮನೆಗೆ ಬಂದದ್ದು ನನಗೆ ನೆನಪಿಲ್ಲ. ಏನು ಮಾತಾಡಬೇಕೋ ತಿಳಿಯದೆ ಉಪ್ಪಿಟ್ಟು ಮಾಡಿದೆ. ಉಪ್ಪು ಹೆಚ್ಚಾಗಿತ್ತು. ಹೇಳದೆ ತಿಂದ. ಮತ್ತೊಮ್ಮೆ ಹಾಕಿಸಿಕೊಂಡ.

ಅವನ ಆಫೀಸಿನಲ್ಲಿ ಏನು ಕೆಲಸ ಎಂದು ಕೇಳಿದೆ. ಹೇಳಿದ. ಅರ್ಥವಾಗಲಿಲ್ಲ. ಮತ್ತೆ ಕೇಳಿದೆ. ಮತ್ತೆ ಹೇಳಿದ. ಹೇಳುತ್ತ ಹೇಳುತ್ತ ಮಂಚದ ಮೇಲೆ ಹಾಗೇ ಒರಗಿ ನಿದ್ದೆ ಹೋದ, ಶೂ ಸಮೇತ.

ಎಬ್ಬಿಸಲಿಲ್ಲ. ನೆಲದ ಮೇಲೆ ಕೂತು ಲೇಸು ಬಿಚ್ಚಿದೆ. ಒಂದು ಗಂಟು ಬಿಗಿದುಹೋಗಿತ್ತು, ಉಗುರಿನಿಂದ ಬಿಡಿಸಲು ತುಂಬ ಹೊತ್ತು ಹಿಡಿಯಿತು. ಶೂ ತೆಗೆದೆ, ಸಾಕ್ಸ್ ತೆಗೆದೆ.

ಎಷ್ಟು ದೊಡ್ಡ ಪಾದ. ನನ್ನದು ಇಷ್ಟಿಲ್ಲ. ಅವನಮ್ಮನದಂತೂ ಗುಬ್ಬಿ ಪಾದ. ಯಾರ ಕಡೆಯಿಂದ ಬಂತು ಎಂದು ಯೋಚಿಸಲಿಲ್ಲ. ಯಾವಾಗ ಇಷ್ಟು ದೊಡ್ಡದಾಯಿತು ಎಂದು ಮಾತ್ರ ಬಹಳ ಹೊತ್ತು ಯೋಚಿಸುತ್ತ ಅಲ್ಲೇ ಕೂತಿದ್ದೆ.